ಸಾವಿನ ಸಂಕಲ್ಪವನ್ನು ಬರಹದಲ್ಲಿ ಗುರುತಿಸುವ ಬಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಶಾಸನಸ್ತಂಭವೊಂದು ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನಿಗೆ ಸಂಬಂಧಿಸಿದುದು. ಅರಸನು 1220ರ ಸುಮಾರಿನಲ್ಲಿ ಕಾಲವಾದಾಗ ಲಕ್ಷ್ಮನೂ ಆತನ ಪತ್ನಿ ಸುಗ್ಗಲದೇವಿಯೂ ಸಾವಿರ ಮಂದಿ ಲೆಂಕರೂ ಕೊಟ್ಟ ಭಾಷೆಯಂತೆ ಪ್ರಾಣವನ್ನೊಪ್ಪಿಸಿದರೆಂದು ಅದು ಸಾರುತ್ತದೆ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ (1902) ಹಾಸನ ಜಿಲ್ಲೆಯ ಶಾಸನಗಳನ್ನು ಬೆಳಕಿಗೆ ತಂದಂದಿನಿಂದ ‘ಗರುಡ’ರ ಈ ಸಂಪ್ರದಾಯವು ವಿದ್ವಾಂಸರಿಗೆ ಪರಿಚಿತವೇ ಆಗಿದೆ.

ಅಂದಿನ ವ್ರತಮರಣವನ್ನೂ ಇಂದಿನ ಆತ್ಮಹತ್ಯೆಯನ್ನೂ ಒಂದೆಂದು ಎಣಿಸುವುದು ಸಾಧುವಲ್ಲ. ಆದರೆ ಇತಿಹಾಸಕಾರನು ಯಾವ ಬರಹಕ್ಕಾದರೂ ಹಾಕಲೇಬೇಕಾದ ಪ್ರಶ್ನೆಗಳುಂಟು: ಬರೆದವರಾರು? ಎಂದು? ಯಾರಿಗಾಗಿ? ಈ ಶಾಸನವನ್ನು ಬರೆದವರು ಸತ್ತವರಲ್ಲ, ಬರೆದುದು ಸಾವಿನ ತರುವಾಯ, ಉದ್ದೇಶ ಸ್ತುತಿ. ಹಿಂದಿನ ರಾತ್ರಿ ಸುಗ್ಗಲದೇವಿಯ ಮನಸ್ಸಿನಲ್ಲಿ ಏನಿದ್ದಿತು, ಸಾವಿರದಲ್ಲೊಬ್ಬ ಲೆಂಕನಾದರೂ ಹಿಂಜರಿದನೇ ಎಂಬುದು ಕಲ್ಲಿನಿಂದ ತಿಳಿಯುವಂತಿಲ್ಲ.

ಸಾಯಬಯಸುವವರ ಸ್ವಂತ ಬರಹವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕಾರ್ಯ ಇಪ್ಪತ್ತನೆಯ ಶತಮಾನದ ನಡುವಣದು. ಲಾಸ್ ಏಂಜಲಿಸಿನ ಶ್ನೈಡ್‌ಮನ್ ಮತ್ತು ಫಾರ್ಬರೋ ಎಂಬ ಮನಶ್ಶಾಸ್ತ್ರಜ್ಞರು ಮೃತರು ಬಿಟ್ಟುಹೋದ 33 ಪತ್ರಗಳನ್ನು, ಇತರರಿಂದ ಕಲ್ಪಿಸಿ ಬರೆಯಿಸಿದ 33 ಪತ್ರಗಳೊಡನೆ ಹೋಲಿಸಿ 1957ರಲ್ಲಿ ಪ್ರಕಟಿಸಿದರು. ಆದರೆ ಈ ಪತ್ರಗಳೂ ಶಾಸನದಂತೆಯೇ. ಉತ್ತರ ಕೊಡುವ ಕಾಲ ಮೀರಿದ ಮೇಲೆ ಓದುಗನ ಕೈಸೇರಿದವು. ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ 1953ರಲ್ಲಿ ಆರಂಭಿಸಿದ ದೂರವಾಣಿ ಸೇವೆಯಲ್ಲಿ ಕಾಲವೂ ಇತ್ತು, ದನಿಯೂ ಇತ್ತು. ಅದೇ ಸಂಸ್ಥೆ 1994ರಲ್ಲಿ ಇ-ಮೇಲ್ ಮೂಲಕವೂ, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ‘ಐಕಾಲ್’ 2012ರ ತರುವಾಯ ಇ-ಮೇಲ್ ಹಾಗೂ ಚಾಟ್ ಮೂಲಕವೂ ನೊಂದವರೊಡನೆ ವ್ಯವಹರಿಸತೊಡಗಿದಾಗ ಬರಹಕ್ಕೆ ಮೊದಲ ಸಲ ಸಕಾಲದ ಓದುಗನು ದೊರೆತನು. ದನಿ ಮಾತ್ರ ಮರೆಯಾಯಿತು.

ಈ ನಷ್ಟ ಅಲ್ಪವಲ್ಲ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಕಡೆಯ ತರುಣನೊಬ್ಬನು ಅರ್ಧರಾತ್ರಿಯಲ್ಲಿ ‘ಸಾಕಾಗಿದೆ’ ಎಂದಷ್ಟೇ ಬರೆದನೆನ್ನೋಣ. ನಮ್ಮ ಸೀಮೆಯಲ್ಲಿ ತೋಟದ ಕೆಲಸದಿಂದ ದಣಿದವನೂ ಹಾಗೆನ್ನುತ್ತಾನೆ. ‘ಕೆಲಸ ಮಾಡಿ ಮಾಡಿ ಸಾಯ್ತಾ ಇದೀನಿ’ ಎಂಬುದು ಮನೆಮನೆಯ ಮಾತು. ಎದುರಿಗಿದ್ದರೆ ಮುಖವೇ ಭೇದವನ್ನು ತಿಳಿಸೀತು. ಇಲ್ಲಿ ಇರುವುದು ಅಕ್ಷರ, ಎರಡು ಸಂದೇಶಗಳ ನಡುವಣ ಮೌನ, ಇಷ್ಟೆ. ಅಕ್ಷರವನ್ನು ತಾನೇ ಅರ್ಥೈಸಿ ಸುಮ್ಮನಾಗುವ ಓದುಗನು ಕೇವಲ ಶಾಸನವಾಚಕನಾಗುತ್ತಾನೆ. ಆದ್ದರಿಂದ ಕೇಳಬೇಕು, ಅದೂ ಬಳಸುಮಾತಿಲ್ಲದೆ: ಸಾಯಬೇಕೆಂಬ ಯೋಚನೆ ಬಂದಿದೆಯೆ? ಹೇಗೆಂದು ಯೋಚಿಸಿದ್ದೀರಾ? ಈಗ ಜೊತೆಯಲ್ಲಿ ಯಾರಿದ್ದಾರೆ? 2011ರಲ್ಲಿ ಪ್ರಕಟವಾದ ಕೊಲಂಬಿಯಾ ಮಾಪನವು ಬಯಕೆ, ಯೋಚನೆ, ಉದ್ದೇಶ, ಸಿದ್ಧತೆ ಎಂದು ಮೆಟ್ಟಿಲುಮೆಟ್ಟಿಲಾಗಿ ಕೇಳುವುದೂ ಇದನ್ನೇ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬಹುಜನರಲ್ಲಿದೆ. ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಸಮೀಕ್ಷೆಯೊಂದರಲ್ಲಿ ಅದಕ್ಕೆ ಆಧಾರ ಕಂಡುಬರಲಿಲ್ಲ.

ಆದರೆ ಅಂಕಗಳನ್ನು ಕೂಡಿಸಿ ಭವಿಷ್ಯ ನುಡಿಯುವವರನ್ನು ನಾವು ಒಪ್ಪಲಾರೆವು. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಪರಿಶೀಲಿಸಿದ ಫ್ರಾಂಕ್ಲಿನ್ ಮತ್ತು ಸಂಗಡಿಗರು, ಇಂತಹ ಮುನ್ಸೂಚನೆ ಆಕಸ್ಮಿಕಕ್ಕಿಂತ ತುಸು ಮಾತ್ರ ಮೇಲೆಂದು 2017ರಲ್ಲಿ ತೋರಿಸಿದರು. ಬ್ರಿಟನ್ನಿನ 2022ರ ವೈದ್ಯಕೀಯ ಮಾರ್ಗಸೂಚಿಯು ಮಾಪನಗಳನ್ನು ಮುನ್ಸೂಚನೆಗೆ ಬಳಸಕೂಡದೆಂದಿತು. ‘ಅಪಾಯ ಕಡಮೆ’ ಎಂದು ಬರೆದಿಟ್ಟು ಸಂಭಾಷಣೆಯನ್ನು ಮುಗಿಸುವುದು ಎಲ್ಲಕ್ಕಿಂತ ಕೆಟ್ಟ ಓದು. ಪ್ರಶ್ನೆಯ ಪ್ರಯೋಜನ ಬೇರೆ: ಕೇಳಿದಾಗ ಉತ್ತರ ಬರುತ್ತದೆ, ಉತ್ತರದೊಡನೆ ಕಾಲ ಕಳೆಯುತ್ತದೆ, ಅಪಾಯಕರ ವಸ್ತುಗಳನ್ನು ದೂರವಿರಿಸಲೂ ಮನೆಯವರೊಬ್ಬರನ್ನು ಎಬ್ಬಿಸಲೂ ಅವಕಾಶವಾಗುತ್ತದೆ.

ಬರೆಯುವವನಿಗೆ ಪೊಲೀಸರ ಅಂಜಿಕೆಯೂ ಇದ್ದಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ದಂಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 115ನೆಯ ಪ್ರಕರಣ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಹಳೆಯ 309ನೆಯ ಪ್ರಕರಣಕ್ಕೆ ಸ್ಥಾನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ‘ಟೆಲಿ-ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.