ತೊಟ್ಟಿಯಲ್ಲಿ ಕಡಲು ತುಂಬಿದವರು



ಮಗಳ ಮನೆಯ ಅಟ್ಟದಲ್ಲಿ ಹಳೆಯ ಗಾಜಿನ ಮೀನುತೊಟ್ಟಿಯೊಂದು ಬಿದ್ದಿತ್ತು. ಉದ್ದ ಮೂರಡಿ, ಅಗಲ ಎತ್ತರ ಒಂದೊಂದಡಿ. ಹಿಂದೆ ಅದರಲ್ಲಿ ಸಿಹಿನೀರಿನ ಗಪ್ಪಿಗಳಿದ್ದವು. ಕಾಸರಗೋಡಿನಲ್ಲಿ ಕಡಲು ಬಾಗಿಲಲ್ಲೇ ಇದೆ, ಉಪ್ಪುನೀರಿನ ತೊಟ್ಟಿಯನ್ನೇ ಮಾಡುವ ಎಂದು ಮೊಮ್ಮಗನಿಗೆ ಮಾತು ಕೊಟ್ಟೆ. ಮಳೆಗಾಲದ ಒಂದು ದಿನ ಅಳಿವೆಬಾಗಿಲಿನಿಂದ ಕ್ಯಾನುಗಳಲ್ಲಿ ನೀರು ತಂದು ತುಂಬಿಸಿ, ಅದೇ ಸಂಜೆ ಬಂಡೆಗುಂಡಿಯ ನಾಲ್ಕು ಪುಟ್ಟ ಮೀನುಗಳನ್ನು ಬಿಟ್ಟೆವು. ಮೂರನೆಯ ದಿನ ನಾಲ್ಕೂ ಸತ್ತವು.

"ಅಜ್ಜಾ, ನೀರು ಸಮುದ್ರದ್ದೇ ಅಲ್ವಾ?" ಎಂದು ಮೊಮ್ಮಗ ಕೇಳಿದ. ನಾನು ನಿರುತ್ತರನಾದೆ. ಉತ್ತರ ಹುಡುಕುತ್ತಾ ಹೋದಾಗ ತಿಳಿದ ಹಳೆಯ ಸಂಗತಿಗಳನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ಈ ಪ್ರಶ್ನೆ ಮೊದಲು ಎದ್ದದ್ದು ಸಮುದ್ರ ದೂರವಿದ್ದ ಲಂಡನ್ನಿನಲ್ಲಿ. 1846ರಲ್ಲಿ ಆನಾ ಥಿನ್ ಎಂಬ ಪಾದ್ರಿಯ ಪತ್ನಿ ಟಾರ್ಕಿ ಕರಾವಳಿಯಿಂದ ಜೀವಂತ ಹವಳಜೀವಿಗಳನ್ನು ಲಂಡನ್ನಿಗೆ ತಂದರು. ದಿನವೂ ಹೊಸ ಕಡಲನೀರು ತರಿಸುವುದು ಸಾಧ್ಯವೇ? ತೆರೆದ ಕಿಟಕಿಯ ಮುಂದೆ ಮನೆಗೆಲಸದಾಕೆ ದಿನವೂ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಚಹಾ ಆರಿಸುವಂತೆ, ಎತ್ತಿ ಎತ್ತಿ ಹೊಯ್ಯಬೇಕಿತ್ತು. ಇದರಿಂದ ನೀರಿಗೆ ಗಾಳಿ ಬೆರೆಯುತ್ತಿತ್ತು. ಇಂದು ನಮ್ಮ ಗಾಳಿಯ ಪಂಪು ಮಾಡುವುದು ಆ ಹೆಣ್ಣುಮಗಳ ಕೆಲಸವನ್ನೇ. ಹೆಸರು ಮಾತ್ರ ಯಜಮಾನತಿಗೆ ಬಂತು.

ಅದರ ಹಿಂದಿನ ವರ್ಷ, 1845ರಲ್ಲಿ, ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ತೆಗೆದಿತ್ತು. ಗಾಜಿನ ತೊಟ್ಟಿ ಮಧ್ಯಮ ವರ್ಗದವರ ಕೈಗೆಟುಕತೊಡಗಿತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸಿಹಿನೀರಿನ ತೊಟ್ಟಿಯಲ್ಲಿ ಹೊಂಬಣ್ಣದ ಮೀನು, ನೀರಗಿಡ, ಬಸವನಹುಳು ಮೂರನ್ನೂ ಕೂಡಿಸಿ, ಒಂದಕ್ಕೊಂದು ಹೇಗೆ ಆಸರೆಯಾಗುತ್ತವೆ ಎಂದು 1850ರಲ್ಲಿ ಪ್ರಕಟಿಸಿದ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮಾ ಖರ್ಚು ಸರಿದೂಗಿತು. 1852ರಲ್ಲಿ ಆತ ಉಪ್ಪುನೀರಿಗೆ ಕೈಹಾಕಿದ. ನಾನು ಹೊರಟದ್ದೂ ಅದೇ ದಾರಿಯಲ್ಲಿ, ಆದರೆ ಆತನ ತಾಳ್ಮೆ ನನಗಿರಲಿಲ್ಲ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಮನೆಯಲ್ಲೇ ಕಡಲನೀರು ಮಾಡಿದ. ಆದರೂ ಜೀವಿಗಳನ್ನು ಅದೇ ದಿನ ಬಿಡಲಿಲ್ಲ. ಮೊದಲು ಕಡಲಪಾಚಿ ಅಂಟಿದ ಕಲ್ಲುಗಳನ್ನಿಟ್ಟು ಕಾದ.

ಕಾಯಬೇಕಾದ ಕಾರಣ ಗೊತ್ತಾದದ್ದು 1890ರ ಸುಮಾರಿಗೆ. ರಷ್ಯದ ವಿನೋಗ್ರಾಡ್‌ಸ್ಕಿ, ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾಡುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ತಿಂದು ಪಳಗಿಸುವ ಈ ಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಒಂದೇ ಸಂಜೆ. ಅಲ್ಲದೆ ಮಳೆಗಾಲದ ಅಳಿವೆಯ ನೀರಿನಲ್ಲಿ ಹೊಳೆಯ ಪಾಲೇ ಹೆಚ್ಚು.

ಎರಡನೆಯ ಬಾರಿ ಲೆಕ್ಕ ಹಾಕಿ ಹೊರಟೆ. ಹಳೆಯ ಜಲ್ಲಿಯನ್ನು ಬಿಸಾಡಿದೆ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಅದರಲ್ಲಿ ಉಳಿದಿದ್ದರೆ ಸಿಗಡಿ, ಬಸವನಹುಳುಗಳಿಗೆ ಮೃತ್ಯು. ತೊಟ್ಟಿಯನ್ನು ಸಾಬೂನು ಮುಟ್ಟಿಸದೆ ತೊಳೆದೆ. ಲೀಟರಿಗೆ 35 ಗ್ರಾಂನಂತೆ 80 ಲೀಟರಿಗೆ 2 ಕಿಲೋ 800 ಗ್ರಾಂ ತೊಟ್ಟಿಗೆಂದೇ ಮಾರುವ ಉಪ್ಪು, ಸ್ಪಂಜಿನ ಶೋಧಕ, ಹಳೆಯ ಪಂಪು, ಒಂದು ಹೈಡ್ರೋಮೀಟರ್, ಇಷ್ಟೇ ಖರ್ಚು. ಮುಳ್ಳು 1.025ರ ಬಳಿ ನಿಲ್ಲಬೇಕು. ನೀರು ಆರಿದರೆ ಉಪ್ಪು ಆರುವುದಿಲ್ಲ. ಆದ್ದರಿಂದ ಆರಿದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು.

ಕಥೆಗೆ ಇನ್ನೊಂದು ಮುಖವಿದೆ. ಗಾಸನ ಪುಸ್ತಕಗಳನ್ನು ಓದಿದ ಜನ ಬುಟ್ಟಿ ಹಿಡಿದು ಇಂಗ್ಲೆಂಡಿನ ಕರಾವಳಿಗೆ ಮುಗಿಬಿದ್ದರು. ಬಂಡೆಗುಂಡಿಗಳು ಬರಿದಾದದ್ದನ್ನು ಆತನ ಮಗ ಎಡ್ಮಂಡ್ ಗಾಸ್ 1907ರ ಪುಸ್ತಕದಲ್ಲಿ ನೋವಿನಿಂದ ಬರೆದಿದ್ದಾನೆ. ನಮ್ಮಲ್ಲಿ ಹವಳಗಳಿಗೆ, ಕಡಲಕುದುರೆಗಳಿಗೆ 2001ರಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಅವನ್ನು ಮುಟ್ಟಬೇಡಿ. ಕೋಡಂಗಿ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿದ್ಯೆಯನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಹಾಗೆ ಸಾಕಿದ ಮೀನನ್ನೇ ಕೇಳಿ ಪಡೆಯಿರಿ.

ನಮ್ಮ ಮೊಮ್ಮಗ ಆರು ವಾರ ಬರೀ ನೀರನ್ನು ನೋಡುತ್ತಾ ಕುಳಿತ. ಹಳೆಯ ಲೆಡ್ಜರಿನಲ್ಲಿ ದಿನವೂ ಮುಳ್ಳಿನ ಅಂಕಿ ಬರೆದ. ಏಳನೆಯ ವಾರ ಎರಡು ಕೋಡಂಗಿ ಮೀನುಗಳು ಬಂದವು. ಮೂರನೆಯ ದಿನ ಬೆಳಗ್ಗೆ ಇಬ್ಬರೂ ಹೆದರುತ್ತಲೇ ತೊಟ್ಟಿಯ ಬಳಿ ಹೋದೆವು. ಎರಡೂ ಈಜುತ್ತಿದ್ದವು. ಬಂಡೆಗುಂಡಿಯಿಂದ ತಂದ ಆ ನಾಲ್ಕರ ಲೆಕ್ಕ ಮಾತ್ರ ನನ್ನ ಖಾತೆಯಲ್ಲೇ ಉಳಿದಿದೆ.