ಶಿವಾಲಾದ ಮೂರು ಹೆಸರುಗಳು

ಕಾಶಿಗೆ ಬರುವ ಕನ್ನಡಿಗರಲ್ಲಿ ಬಹುಮಂದಿ ಕರ್ನಾಟಕ ಘಾಟನ್ನು ಬಲ್ಲರು. ಮೈಸೂರು ಸಂಸ್ಥಾನದ ನೆನಪನ್ನು ಇಂದಿಗೂ ಹೊತ್ತಿರುವ ಆ ಮೆಟ್ಟಿಲುಗಳಿಂದ ಪ್ರವಾಹಕ್ಕೆ ಎದುರಾಗಿ, ಅಸ್ಸಿಯ ಕಡೆಗೆ, ಕೆಲವೇ ನಿಮಿಷ ನಡೆದರೆ ಕೋಟೆಯಂತಹ ಎತ್ತರದ ಗೋಡೆಯೊಂದು ನದಿಗೆ ಮುಖಮಾಡಿ ನಿಂತಿದೆ. ಅದು ಶಿವಾಲಾದ ಚೇತ್‌ಸಿಂಗ್ ಅರಮನೆ. ಅದರ ಆಸುಪಾಸಿನಲ್ಲೇ ಮೂವರು ಇಂಗ್ಲಿಷ್ ಲೆಫ್ಟಿನೆಂಟರ ಸಮಾಧಿಯಿದೆ: ಸ್ಟಾಕರ್, ಸ್ಕಾಟ್, ಸೈಮ್ಸ್. ಯಾತ್ರಿಕರು ಅದನ್ನು ನೋಡಲು ಹೋಗುವುದಿಲ್ಲ, ಹೋಗಬೇಕಾದ ಕಾರಣವೂ ಅವರಿಗಿಲ್ಲ. ಆದರೆ ಈ ಮೂವರ ಸಾವಿಗೂ ಕನ್ನಡನಾಡಿಗೂ ಒಂದು ನಂಟಿದೆ. ಅದನ್ನು ಹಿಡಿದು ಹೊರಟರೆ ಯುದ್ಧದಲ್ಲಿ ಸತ್ತವರ ಹೆಸರನ್ನು ಯಾರು, ಎಲ್ಲಿ, ಯಾವ ಕಲ್ಲಿನ ಮೇಲೆ ಬರೆಸುತ್ತಾರೆ ಎಂಬ ಪ್ರಶ್ನೆಗೆ ಬಂದು ಮುಟ್ಟುತ್ತೇವೆ.

1775ರಲ್ಲಿ ಅವಧದ ನವಾಬನಿಂದ ಬನಾರಸ್ ಕಂಪನಿಯ ಅಧೀನಕ್ಕೆ ಬಂದಿತು. ರಾಜಾ ಚೇತ್‌ಸಿಂಗ್ ವರ್ಷಕ್ಕೆ ಸುಮಾರು 22 ಲಕ್ಷ ರೂಪಾಯಿ ಕಪ್ಪ ಸಲ್ಲಿಸಬೇಕೆಂದು ಗೊತ್ತಾಯಿತು. ಫ್ರೆಂಚರೊಡನೆ ಯುದ್ಧ ಹತ್ತಿಕೊಂಡ 1778ರಲ್ಲಿ ವಾರನ್ ಹೇಸ್ಟಿಂಗ್ಸ್ ಇದರ ಮೇಲೆ ಇನ್ನೂ ಐದು ಲಕ್ಷ ಕೇಳಿದ, ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿದ. 1780ರ ಜುಲೈಯಲ್ಲಿ ಹೈದರಾಲಿ ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಮರಾಠರೊಡನೆ ಒಂದು ಯುದ್ಧ, ಮೈಸೂರಿನೊಡನೆ ಇನ್ನೊಂದು; ಕಲ್ಕತ್ತೆಯ ಖಜಾನೆ ಬರಿದಾಗುತ್ತಿತ್ತು. ಆಗ ಬನಾರಸಿನ ಮೇಲೆ ಎರಡು ಸಾವಿರ ಕುದುರೆ ಸವಾರರನ್ನು ಒದಗಿಸಬೇಕೆಂಬ ಹೊಸ ಬೇಡಿಕೆ ಬಂದಿತು. ಅದು ಒಂದೂವರೆ ಸಾವಿರಕ್ಕೆ, ಬಳಿಕ ಒಂದು ಸಾವಿರಕ್ಕೆ ಇಳಿಯಿತು. ಚೇತ್‌ಸಿಂಗ್ ಐನೂರು ಸವಾರರನ್ನೂ ಐನೂರು ಬಂದೂಕುದಾರರನ್ನೂ ಹೊಂದಿಸಿರುವುದಾಗಿ ಹೇಳಿಕೊಂಡ. ಹೇಸ್ಟಿಂಗ್ಸನಿಗೆ ಅದು ಸಾಲಲಿಲ್ಲ. ಐವತ್ತು ಲಕ್ಷ ದಂಡ ವಿಧಿಸುವ ಸಂಕಲ್ಪದೊಡನೆ ತಾನೇ ಬನಾರಸಿಗೆ ಬಂದಿಳಿದ. ಶ್ರೀರಂಗಪಟ್ಟಣದಲ್ಲಿ ಹೊತ್ತಿದ ಬೆಂಕಿಯ ಕಾವು ಗಂಗೆಯ ದಡಕ್ಕೆ ತಗುಲಿದ್ದು ಹೀಗೆ.

1781ರ ಆಗಸ್ಟ್ 16ರಂದು ರಾಜನನ್ನು ಶಿವಾಲಾದ ಅರಮನೆಯಲ್ಲೇ ಸೆರೆಯಲ್ಲಿಡಲಾಯಿತು. ಕಾವಲಿಗೆ ನಿಂತ ಎರಡು ಕಂಪನಿ ಸಿಪಾಯಿಗಳ ಬಳಿ ಮದ್ದುಗುಂಡು ಇರಲಿಲ್ಲವೆಂಬುದು ಈ ಕಥೆಯಲ್ಲಿ ನಂಬಲು ಅತ್ಯಂತ ಕಷ್ಟವಾದರೂ ದಾಖಲೆಗೆ ಸಿಕ್ಕುವ ಸಂಗತಿ. ರಾಮನಗರದಿಂದ ರಾಜನ ಕಡೆಯವರು ನದಿ ದಾಟಿ ಬಂದರು. ಮದ್ದು ತರುತ್ತಿದ್ದ ಇನ್ನೊಂದು ತುಕಡಿ ಗಲ್ಲಿಗಳಲ್ಲೇ ಸಿಕ್ಕಿಬಿದ್ದಿತು. ಮೂವರು ಅಧಿಕಾರಿಗಳೂ ಸತ್ತರು. ಸಿಪಾಯಿಗಳಲ್ಲಿ ಬಹುಪಾಲು ಸತ್ತರು ಅಥವಾ ಗಾಯಗೊಂಡರು. ಗೊಂದಲದ ನಡುವೆ ಚೇತ್‌ಸಿಂಗ್ ಮುಂಡಾಸುಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ದೋಣಿ ಹತ್ತಿದ. ಕೆಲವು ದಿನಗಳಲ್ಲಿ ಹೇಸ್ಟಿಂಗ್ಸನೂ ರಾತ್ರೋರಾತ್ರಿ ಚುನಾರಿಗೆ ಓಡಿಹೋದ. ಆನೆಗೆ ಜೀನು, ಕುದುರೆಗೆ ಅಂಬಾರಿ ಹಾಕಿಕೊಂಡು ಓಡಿದನೆಂದು ಬನಾರಸಿಗಳು ಕಟ್ಟಿದ ಗೇಲಿಯ ಪದ್ಯವನ್ನು ಊರಿನ ಹಿರಿಯರು ಇನ್ನೂ ಹೇಳುತ್ತಾರೆ. ಕಡೆಗೆ ಗೆದ್ದದ್ದು ಕಂಪನಿಯೇ. ಸಿಂಧಿಯಾನ ಆಶ್ರಯ ಸೇರಿದ ಚೇತ್‌ಸಿಂಗ್ 1810ರಲ್ಲಿ ಗ್ವಾಲಿಯರಿನಲ್ಲಿ ತೀರಿಕೊಂಡ. ಕಲ್ಲಿನ ಮೇಲೆ ಮಾತ್ರ ಮೂರು ಹೆಸರುಗಳು ಉಳಿದವು. ಅದೇ ಅಂಗಳದಲ್ಲಿ ಅದೇ ಹೊತ್ತಿನಲ್ಲಿ ಬಿದ್ದ ಸಿಪಾಯಿಗಳ ಹೆಸರು ಅಲ್ಲಿಲ್ಲ.

ಈ ಬಗೆಯ ಕಲ್ಲಿಗೆ ಒಂದು ವ್ಯಾಕರಣವಿದೆ: ಹೆಸರು, ದರ್ಜೆ, ಪಲ್ಟನ್, ಸತ್ತ ದಿನ, ಕರ್ತವ್ಯದಲ್ಲಿದ್ದಾಗ ಸತ್ತನೆಂಬ ಮಾತು. ಅದರ ತವರು ಇಂಗ್ಲೆಂಡಿನ ಹಳ್ಳಿಯ ಚರ್ಚು. ಅಲ್ಲಿನ ಗೋಡೆಗಳ ಮೇಲೆ ಮೊದಲು ಜಾಗ ಸಿಕ್ಕುತ್ತಿದ್ದುದು ಜಮೀನುದಾರರ ಮನೆತನಗಳಿಗೆ. ಮಗನೋ ತಮ್ಮನೋ ಇಂಡಿಯಾದಲ್ಲಿ ಸತ್ತರೆ ಮನೆಯವರು ಅಮೃತಶಿಲೆಯ ಫಲಕವೊಂದನ್ನು ಹಾಕಿಸುತ್ತಿದ್ದರು. ಊರಿನ ಬಡವರು ಹೊರಗೆ, ಹುಲ್ಲಿನಡಿಯಲ್ಲಿ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ನಮ್ಮಂಥವರೆಲ್ಲ ಥಾಮಸ್ ಗ್ರೇಯ 1751ರ ಶೋಕಗೀತೆಯನ್ನು ಪರೀಕ್ಷೆಗಾಗಿ ಉರುಹೊಡೆದವರೇ. ಆ ಕವಿತೆ ಚರ್ಚಿನ ಒಳಗಿನ ಸ್ಮಾರಕಗಳನ್ನು ಬಿಟ್ಟು ಹೊರಗೆ ಮಲಗಿದವರ ಬಗ್ಗೆ ಬರೆದದ್ದು ಎಂಬುದನ್ನು ಆಗ ನಮಗೆ ಯಾರೂ ಒತ್ತಿ ಹೇಳಲಿಲ್ಲ.

ಸಾಮಾನ್ಯ ಸೈನಿಕನ ಹೆಸರು ಗೋಡೆ ಹತ್ತಿದ್ದು ಬಹಳ ತಡವಾಗಿ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಹೊತ್ತಿಗೆ ಈ ಪದ್ಧತಿ ಹರಡತೊಡಗಿತು. 1914–18ರ ಮಹಾಯುದ್ಧದ ನಂತರ ಅದಿಲ್ಲದ ಊರೇ ಅಪರೂಪವಾಯಿತು. ಅದಕ್ಕೊಂದು ಕಾರಣವೂ ಇತ್ತು. ಸತ್ತವರ ಶವಗಳನ್ನು ಊರಿಗೆ ತರಕೂಡದೆಂದು ಬ್ರಿಟಿಷ್ ಸೇನೆ ಯುದ್ಧದ ನಡುವೆಯೇ ತೀರ್ಮಾನಿಸಿತ್ತು. ಫ್ರಾನ್ಸಿನ ಗೋರಿಯನ್ನು ನೋಡಲು ಹೋಗಲಾರದ ತಾಯಂದಿರಿಗೆ ಚರ್ಚಿನ ಫಲಕವೇ ಗೋರಿಯಾಯಿತು. ಹೋದವರೆಲ್ಲ ಜೀವಂತವಾಗಿ ಮರಳಿದ ಊರುಗಳು ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಐವತ್ತಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಎಂದು ಲೆಕ್ಕಹಾಕಿದ್ದಾರೆ.

ಇಲ್ಲಿ ಕನ್ನಡಿಗನಿಗೆ ವೀರಗಲ್ಲು ನೆನಪಾಗದಿರದು. ನಮ್ಮಲ್ಲಿ ಈ ಕೆಲಸ ಸಾವಿರ ವರ್ಷ ಮೊದಲೇ ನಡೆದಿತ್ತು, ಅದೂ ಹಳ್ಳಿಯ ಮಟ್ಟದಲ್ಲಿ, ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸಿಕ್ಕಿದ, ಸುಮಾರು 890ರ ಕಾಲದ ಕಲ್ಲು ಬೆಂಗಳೂರಿನ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಹೆಸರನ್ನು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಕ್ಕುವುದೇ ಹೀಗೆ, ಒಬ್ಬನ ಸಾವಿನ ಸುದ್ದಿಯಲ್ಲಿ. 949ರ ತಕ್ಕೋಲದ ಯುದ್ಧದ ಹಿನ್ನೆಲೆಯ ಆತಕೂರಿನ ಶಾಸನದಲ್ಲಂತೂ ಹಂದಿಯೊಡನೆ ಕಾದು ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟಿದ್ದಾರೆ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಅಲ್ಲುಂಟು.

ಹಾಗೆಂದು ಅತಿಯಾಗಿ ಬೀಗುವುದು ಬೇಡ. ವೀರಗಲ್ಲು ನಿಲ್ಲಿಸಲು ಒಬ್ಬ ಒಡೆಯನೋ ಬಂಧುವೋ ಬೇಕಿತ್ತು, ಕಲ್ಲುಕುಟಿಗನಿಗೆ ಕೊಡಲು ಏನಾದರೂ ಇರಬೇಕಿತ್ತು. ಎದುರುಪಕ್ಷದಲ್ಲಿ ಸತ್ತವರು ಅಲ್ಲೂ ಕಾಲಡಿಯ ಬರಿಯ ಆಕೃತಿಗಳೇ. ಆದರೆ ಅಧಿಕಾರಿಯ ದರ್ಜೆಯಿಲ್ಲವೆಂಬ ಕಾರಣಕ್ಕೆ ಹೆಸರನ್ನು ಕೈಬಿಡುವ ಪದ್ಧತಿ ಅದಾಗಿರಲಿಲ್ಲ.

ಬನಾರಸಿನ ಇನ್ನೊಂದು ಸಾವು ಕನ್ನಡನಾಡಿಗೆ ಇದಕ್ಕಿಂತ ಹತ್ತಿರದ್ದು. ಜಾರ್ಜ್ ಫ್ರೆಡರಿಕ್ ಚೆರಿ ಎಂಬಾತ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಪಾರಸಿ ದುಭಾಷಿಯಾಗಿದ್ದವನು. 1792ರಲ್ಲಿ ಶ್ರೀರಂಗಪಟ್ಟಣದ ಹೊರಗಿನ ಡೇರೆಗಳಲ್ಲಿ ಟಿಪ್ಪುವಿನ ವಕೀಲರೊಡನೆ ಸಂಧಿಯ ಮಾತುಕತೆ ನಡೆದಾಗ ಕೆನವೇಯ ಜೊತೆಗಿದ್ದವನು. ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕೆಂದ ಆ ಸಂಧಿಯ ಪಾರಸಿ ವಾಕ್ಯಗಳು ಅವನ ಕಣ್ಣಡಿಯಲ್ಲಿ ಹಾದುಹೋದವು. ಟಿಪ್ಪುವಿನ ಭಾವಚಿತ್ರವೊಂದನ್ನೂ ಅವನು ಬರೆದನೆಂದು ಹೇಳುತ್ತಾರೆ. ಅದು ಈಗ ಲಂಡನ್ನಿನಲ್ಲಿದೆ.

ಈ ಚೆರಿ ಮುಂದೆ ಬನಾರಸಿನಲ್ಲಿ ಗವರ್ನರ್ ಜನರಲ್ಲನ ಏಜೆಂಟನಾದ. 1798ರಲ್ಲಿ ಅವಧದ ಗಾದಿಯಿಂದ ಇಳಿಸಲ್ಪಟ್ಟ ವಜೀರ್ ಅಲಿಯನ್ನು ಕಂಪನಿ ಬನಾರಸಿನ ಮಾಧೋದಾಸನ ತೋಟದಲ್ಲಿ ಇರಿಸಿತ್ತು. ಹದಿನೇಳು ವರ್ಷ ಹಿಂದೆ ಹೇಸ್ಟಿಂಗ್ಸ್ ಬಿಡಾರ ಹೂಡಿದ್ದೂ ಅದೇ ತೋಟದಲ್ಲಿ. ಅಫಘಾನರ ಜಮಾನ್ ಶಾನಿಗೆ ವಜೀರ್ ಅಲಿ ಪತ್ರ ಬರೆಯುತ್ತಿದ್ದಾನೆಂಬ ಗುಮಾನಿ ಹುಟ್ಟಿತು. ಅದೇ ಜಮಾನ್ ಶಾನಿಗೆ ಟಿಪ್ಪುವೂ ದೂತರನ್ನು ಅಟ್ಟಿದ್ದ. ವಜೀರ್ ಅಲಿಯನ್ನು ಕಲ್ಕತ್ತೆಗೆ ಸಾಗಿಸಲು ಆಜ್ಞೆಯಾಯಿತು. 1799ರ ಜನವರಿ 14ರ ಬೆಳಗ್ಗೆ, ನಮ್ಮಲ್ಲಿ ಸಂಕ್ರಾಂತಿಯ ಆಸುಪಾಸಿನ ದಿನ, ಅವನು ಚೆರಿಯ ಮನೆಗೆ ಉಪಾಹಾರಕ್ಕೆಂದು ಬಂದ. ಚಹಾ ನಡೆಯುತ್ತಿರುವಾಗಲೇ ತನಗಾದ ಅನ್ಯಾಯಗಳನ್ನು ಎತ್ತಿ ಮಾತನಾಡಿದ. ಜೊತೆಯವರ ಕತ್ತಿಗಳು ಹೊರಬಂದವು. ಚೆರಿಯೂ ಇನ್ನು ಕೆಲವರು ಇಂಗ್ಲಿಷರೂ ಹತರಾದರು.

ಅಲ್ಲಿಂದ ಗುಂಪು ನ್ಯಾಯಾಧೀಶ ಸ್ಯಾಮ್ಯುಯಲ್ ಡೇವಿಸನ ಮನೆಗೆ ಸಾಗಿತು. ನದೇಸರದ ಆ ಬಂಗಲೆ ಈಗ ಪಂಚತಾರಾ ಹೋಟೆಲಿನ ಭಾಗ. ಡೇವಿಸ್ ಹೆಂಡತಿ ಮಕ್ಕಳನ್ನು ಮಾಳಿಗೆಗೆ ಹತ್ತಿಸಿ, ಇಕ್ಕಟ್ಟಾದ ಮೆಟ್ಟಿಲಿನ ತುದಿಯಲ್ಲಿ ಈಟಿ ಹಿಡಿದು ನಿಂತು, ಕುದುರೆ ಪಡೆ ಬರುವವರೆಗೆ ತಡೆದ. ಈ ಡೇವಿಸನೇ ಸೂರ್ಯಸಿದ್ಧಾಂತವನ್ನು ಓದಿ ನಮ್ಮ ಗ್ರಹಣ ಗಣಿತದ ಬಗ್ಗೆ ಏಷ್ಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಬರೆದ ವಿದ್ವಾಂಸ. ಇಂಗ್ಲಿಷರು ಅವನ ಈಟಿಯನ್ನು ಹೆಚ್ಚು ನೆನಪಿಟ್ಟುಕೊಂಡರು, ನಮಗೆ ಅವನ ಗಣಿತವೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ವಜೀರ್ ಅಲಿ ಜಯಪುರಕ್ಕೆ ಓಡಿ, ಸೆರೆಸಿಕ್ಕಿ, 1817ರಲ್ಲಿ ಸೆರೆಯಲ್ಲೇ ಸತ್ತ. ಚೆರಿ ಸತ್ತು ನಾಲ್ಕು ತಿಂಗಳು ತುಂಬುವ ಮೊದಲೇ, ಮೇ 4ರಂದು, ಅವನು ಚಿತ್ರ ಬರೆದ ಸುಲ್ತಾನನೂ ಶ್ರೀರಂಗಪಟ್ಟಣದ ಕೋಟೆಬಾಗಿಲಿನಲ್ಲಿ ಬಿದ್ದ.

ಮೈಸೂರು ಯುದ್ಧಗಳಲ್ಲಿ ಸತ್ತ ಇಂಗ್ಲಿಷರನ್ನು ಚರ್ಚಿನೊಳಗೆ ಕಾಣಬೇಕಾದರೆ ಮದರಾಸಿಗೆ ಹೋಗಬೇಕು. ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚು 1680ರದು. ಅದರ ಗೋಡೆಗಳೇ ಕಂಪನಿಯ ಯುದ್ಧಗಳ ಸೂಚಿಪಟ್ಟಿ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲಿನಲ್ಲಿ ಸತ್ತ ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸನಿಗೆ ಅಲ್ಲೊಂದು ಅಮೃತಶಿಲೆಯ ಸ್ಮಾರಕವಿದೆ. ಕೆತ್ತಿದವನು ಚಾರ್ಲ್ಸ್ ಪಿಯರ್ಟ್. ಎರಡು ವಾರದ ಬಳಿಕ ಕೋಟೆ ಬಿದ್ದ ರಾತ್ರಿ ಅದನ್ನು ಕಾಯುತ್ತ ಸತ್ತ ಮುದಿ ಕಿಲ್ಲೇದಾರ ಬಹಾದ್ದೂರ್ ಖಾನನಿಗೆ ಯಾವ ಶಿಲ್ಪಿಯೂ ದೊರೆಯಲಿಲ್ಲ. ಆದರೆ ಕೃಷ್ಣರಾಜ ಮಾರುಕಟ್ಟೆಯ ಗದ್ದಲದ ನಡುವೆ ಆತನದೆಂದು ಹೇಳುವ ದರ್ಗಾದಲ್ಲಿ ಇಂದಿಗೂ ಊದುಬತ್ತಿ ಹಚ್ಚುವವರಿದ್ದಾರೆ. ಆ ಮುತ್ತಿಗೆಯಲ್ಲಿ ಸತ್ತವರಿಗಾಗಿ ಇಂಗ್ಲಿಷರು ಬೆಂಗಳೂರಿನಲ್ಲೇ ನಿಲ್ಲಿಸಿದ್ದ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಸೆನೊಟಾಫ್ ರಸ್ತೆಯೆಂದು ಕರೆಯುತ್ತಿದ್ದ ದಾರಿ ಈಗ ನೃಪತುಂಗ ರಸ್ತೆ. ಕೆಡವಿದವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ ಒಂದು ಮುತ್ತಿಗೆಯ ಗುರುತೇ ಊರಿನಿಂದ ಅಳಿದದ್ದು ನಷ್ಟವೇ ಎನ್ನಬೇಕು.

ಮದರಾಸಿನವರು ಇದಕ್ಕಿಂತ ಚೆನ್ನಾಗಿ ನಡೆದುಕೊಂಡರೆಂದು ನಮ್ಮ ಅಭಿಪ್ರಾಯ. 1857ರ ಜೂನ್ 4ರಂದು ಬನಾರಸಿನ ದಂಡಿನಲ್ಲಿ ಸಿಪಾಯಿಗಳ ಆಯುಧ ಕಸಿಯುವಾಗ ಗುಂಡಿನ ಕಾಳಗವಾಗಿ, ಅನಂತರದ ದಿನಗಳಲ್ಲಿ ಊರಿನ ಸುತ್ತ ನೇಣುಗಂಬಗಳು ಎದ್ದವು. ಆಗ ದಂಡನ್ನು ನಡೆಸಿದ ಕರ್ನಲ್ ನೀಲ್ ಮದರಾಸ್ ಫ್ಯುಸಿಲಿಯರ್ಸ್ ಪಡೆಯವನು. ಲಖನೌದಲ್ಲಿ ಸತ್ತ ಅವನಿಗೆ ಮೌಂಟ್ ರೋಡಿನಲ್ಲಿ ಪ್ರತಿಮೆ ನಿಂತಿತು. 1927ರಲ್ಲಿ ಅದನ್ನು ತೆಗೆಯಬೇಕೆಂದು ಸತ್ಯಾಗ್ರಹ ನಡೆಯಿತು, 1937ರಲ್ಲಿ ರಾಜಾಜಿಯವರ ಸರ್ಕಾರ ಅದನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿತು. ಒಡೆಯಲಿಲ್ಲ, ಬೀದಿಯ ಗೌರವದಿಂದ ಇಳಿಸಿತು, ಅಷ್ಟೆ. ಕಾನಪುರದಲ್ಲೂ ಹೀಗೆಯೇ: ಬೀಬೀಘರ್ ಬಾವಿಯ ಮೇಲಿದ್ದ ಅಮೃತಶಿಲೆಯ ದೇವದೂತೆ ಸ್ವಾತಂತ್ರ್ಯಾನಂತರ 1875ರ ಸ್ಮಾರಕ ಚರ್ಚಿನ ಅಂಗಳ ಸೇರಿದಳು.

ಮಹಾಯುದ್ಧದ ಬಳಿಕ ಇಂಗ್ಲೆಂಡಿನ ಹಳ್ಳಿಗೆ ಹೆಸರುಗಳು ಬಂದವು. ನಮ್ಮ ಹಳ್ಳಿಗಳಿಗೆ ಬಂದದ್ದು ಅಂಕಿ. ಈ ಗ್ರಾಮದಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ತೆತ್ತರು ಎಂಬ ಸಾಲಿನ ಚಿಕ್ಕ ಕಲ್ಲುಗಳು ಉತ್ತರದಲ್ಲೂ ದಕ್ಷಿಣದಲ್ಲೂ ಇವೆ, ಹಲವು ಕಡೆ ಸುಣ್ಣದ ಪದರಗಳ ಕೆಳಗೆ. ಸಂಸ್ಥಾನಗಳ ಪಡೆಗಳಿಗೆ ಒಂದಿಷ್ಟು ಹೆಚ್ಚು ಮಾನ ಸಿಕ್ಕಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ದೆಹಲಿಯ ತೀನ್‌ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂವರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. ದೆಹಲಿಯಲ್ಲಿ ನೌಕರಿ ಮಾಡಿದ ನಮ್ಮವರೆಷ್ಟೋ ಮಂದಿ ಆ ವೃತ್ತವನ್ನು ದಿನವೂ ಸುತ್ತಿದವರು. 1931ರಲ್ಲಿ ಮುಗಿದ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ, ಆದರೆ ಅದು ನೆನೆಯುವ ಸಾವುಗಳು ಅದಕ್ಕಿಂತ ಬಹಳ ಹೆಚ್ಚು.

ಮೆಸೊಪೊಟೇಮಿಯದಲ್ಲಿ ಸತ್ತವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕ ನೆನೆಯುವುದು 40,000ಕ್ಕೂ ಹೆಚ್ಚು ಮಂದಿಯನ್ನು. ಅವರಲ್ಲಿ ಬಹುಪಾಲು ಭಾರತೀಯರು. ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರೆಲ್ಲರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಭಾರತೀಯ ಸಿಪಾಯಿಗಳ ಪಾಲಿಗೆ ಬಂದದ್ದು ಪಲ್ಟನ್ನಿನ ಹೆಸರು ಮತ್ತು ಸತ್ತವರ ಸಂಖ್ಯೆ. ಶಿವಾಲಾದ ವ್ಯಾಕರಣ ನೂರ ಮೂವತ್ತು ವರ್ಷ ಕಳೆದರೂ ಬದಲಾಗಿರಲಿಲ್ಲ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ಏಪ್ರಿಲಿನಲ್ಲಿ ವರದಿಯೊಂದನ್ನು ಹೊರತಂದಿತು. ಆಫ್ರಿಕ, ಈಜಿಪ್ಟ್, ಇಂಡಿಯಾಗಳ ಕನಿಷ್ಠ 1,16,000 ಮಂದಿಯನ್ನು ಹೆಸರಿಟ್ಟು ಸ್ಮರಿಸಲಿಲ್ಲವೆಂದೋ, ಸ್ಮರಿಸಲೇ ಇಲ್ಲವೆಂದೋ ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಹೆಸರುಗಳನ್ನು ಹಳೆಯ ಪಟ್ಟಿಗಳಲ್ಲಿ ಹುಡುಕಿ ಕೂಡಿಸುವ ಕೆಲಸ ಅಂದಿನಿಂದ ಶುರುವಾಗಿದೆ. 1781ರ ಸಿಪಾಯಿಗಳು ಆಯೋಗದ ಲೆಕ್ಕಕ್ಕೆ ಸೇರುವವರಲ್ಲ. ಅದು ನೋಡಿಕೊಳ್ಳುವುದು 1914ರ ನಂತರ ಸತ್ತವರನ್ನು ಮಾತ್ರ.