ಅರ್ಬುದ ಚಿಕಿತ್ಸೆ: ಅಂತರ್ಜಾಲದಲ್ಲಿ ವೈದ್ಯ–ರೋಗಿ ಸಂವಾದ

ಕ್ಯಾನ್ಸರ್ ಎಂಬ ಹೆಸರು ರೋಗಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ವೈದ್ಯಧರ್ಮವೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. 1961ರಲ್ಲಿ ವೈದ್ಯ ಡೊನಾಲ್ಡ್ ಓಕನ್ ಷಿಕಾಗೋದ 219 ವೈದ್ಯರ ಅಭಿಪ್ರಾಯವನ್ನು ಪ್ರಕಟಿಸಿದಾಗ ನೂರಕ್ಕೆ ಸುಮಾರು 90 ಮಂದಿ ರೋಗಿಗೆ ತಿಳಿಸದಿರುವುದೇ ಲೇಸೆಂದಿದ್ದರು. 1979ರಲ್ಲಿ ಪ್ರಕಟವಾದ ಅಂಥದೇ ಸಮೀಕ್ಷೆಯಲ್ಲಿ ಹೆಚ್ಚುಕಡಮೆ ಎಲ್ಲರೂ ತಿಳಿಸುವ ಪಕ್ಷವನ್ನೇ ಹಿಡಿದರು. ಅಂತರ್ಜಾಲವು ವೈದ್ಯ–ರೋಗಿಗಳ ನಡುವೆ ಪ್ರವೇಶಿಸಿದ್ದು ಈ ಪರಿವರ್ತನೆಯ ತರುವಾಯ.

1998ರಲ್ಲಿ ಬೆವರ್ಲಿ ಕೇನ್, ಡೇನಿಯಲ್ ಸ್ಯಾಂಡ್ಸ್ ಎಂಬ ವೈದ್ಯರೀರ್ವರು ರೋಗಿಗಳೊಡನೆ ಇಮೇಲ್ ವ್ಯವಹಾರಕ್ಕೆ ಮಾರ್ಗಸೂಚಿಯನ್ನು ರಚಿಸಿದರು. ಬಾಸ್ಟನ್ನಿನಲ್ಲಿ ಇದೇ ಸ್ಯಾಂಡ್ಸರ ರೋಗಿಯಾಗಿದ್ದ ಡೇವ್ ಡಿಬ್ರಾಂಕಾರ್ಟ್ ಅವರಿಗೆ 2007ರಲ್ಲಿ, ಶ್ವಾಸಕೋಶಗಳಿಗೂ ಹಬ್ಬಿದ್ದ ಮೂತ್ರಪಿಂಡದ ಅರ್ಬುದ ಪತ್ತೆಯಾದಾಗ, ಅಂತರ್ಜಾಲದ ಗೊಡವೆ ಬೇಡವೆನ್ನುವ ಬದಲು, 1995ರಿಂದ ಅಲ್ಲಿ ನಡೆಯುತ್ತಿದ್ದ 'ಎಕಾರ್' ಎಂಬ ರೋಗಿಗಳ ಕೂಟವನ್ನು ಸೇರಿರೆಂದು ಸ್ವತಃ ವೈದ್ಯರೇ ಸೂಚಿಸಿದರು. ಡಿಬ್ರಾಂಕಾರ್ಟ್ ಗುಣಮುಖರಾದರು, ಅವರ ಈ ವೃತ್ತಾಂತ ಲೋಕಪ್ರಸಿದ್ಧವಾಯಿತು.

ಆದರೆ ಈ ಇತಿಹಾಸದಲ್ಲಿ ಅತ್ಯಂತ ಮಹತ್ತ್ವದ ಅಧ್ಯಾಯವೆಂದರೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಅರ್ಬುದತಜ್ಞ ಈಥನ್ ಬಾಶ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯ ಪೈಕಿ ಒಂದು ಗುಂಪಿನವರು ವಾಕರಿಕೆ, ನೋವು, ಉಬ್ಬಸ ಮೊದಲಾದ ಹನ್ನೆರಡು ಬಾಧೆಗಳ ತೀವ್ರತೆಯನ್ನು ಕಂಪ್ಯೂಟರಿನಲ್ಲಿ ತಾವೇ ಗುರುತಿಸುತ್ತಿದ್ದರು. ಬಾಧೆ ಉಲ್ಬಣಿಸಿತೆಂದರೆ ದಾದಿಗೆ ಇಮೇಲ್ ಹೋಗುತ್ತಿತ್ತು. ಇಷ್ಟೇ ಸಾಮಾನ್ಯವಾದ ಏರ್ಪಾಡಿನಿಂದ ಆ ಗುಂಪಿನ ಮಧ್ಯಾಂಕ (ಮೀಡಿಯನ್) ಜೀವಿತಾವಧಿ 31.2 ತಿಂಗಳಾಯಿತು, ಉಳಿದವರದು 26 ತಿಂಗಳು. ರೋಗಿಯ ಮಾತಿಗೆ ಕಿವಿಗೊಡುವುದೂ ಚಿಕಿತ್ಸೆಯ ಅಂಗವೆಂಬುದಕ್ಕೆ 2017ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಅಂತರ್ಜಾಲ ತಂದ ವೇಗವೆಲ್ಲವೂ ಹಿತಕರವಲ್ಲ. ಅಮೆರಿಕದಲ್ಲಿ ಪರೀಕ್ಷಾ ವರದಿಗಳನ್ನು ತಡಮಾಡದೆ ರೋಗಿಗೆ ಒದಗಿಸಬೇಕೆಂದು 2021ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದ ಫಲವಾಗಿ ಬಯಾಪ್ಸಿಯ ವರದಿ ಎಷ್ಟೋ ವೇಳೆ ವೈದ್ಯರಿಗಿಂತ ಮೊದಲೇ ರೋಗಿಯ ಮೊಬೈಲನ್ನು ತಲುಪುತ್ತದೆ. ಸಮಾಧಾನ ಹೇಳುವವರಿಲ್ಲದ ಹೊತ್ತಿನಲ್ಲಿ ಅದನ್ನು ಓದುವವರ ಸಂಕಟ ದಾರುಣವಾದುದು.

ಭಾರತದಲ್ಲಿ ಟೆಲಿಮೆಡಿಸಿನ್ ನಿಯಮಾವಳಿ ಪ್ರಕಟವಾದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಮೊದಲಾದ ದಿನವೇ. ಬೀದರ, ರಾಯಚೂರುಗಳಿಂದ ರಾತ್ರಿಯಿಡೀ ಪಯಣಿಸಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವವರಿಗೆ, ವೀಡಿಯೊ ಕರೆಯಲ್ಲಿ ಮುಗಿಯಬಹುದಾದ ಒಂದೊಂದು ಭೇಟಿಯೂ ದೊಡ್ಡ ಉಪಕಾರವೇ ಸರಿ. ಆದರೆ ನಮ್ಮ ಮನೆಗಳಲ್ಲಿ ಮೊಬೈಲು ಸಾಮಾನ್ಯವಾಗಿ ಮಗನ ಕೈಯಲ್ಲಿರುತ್ತದೆ. "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ" ಎಂಬ ಹಳೆಯ ಬಿನ್ನಹವೂ ಅದರೊಡನೆಯೇ ಬರುತ್ತದೆ. ಪರಿಚಾರಕರು ರೋಗಿಯ ಪರವಾಗಿ ಮಾತನಾಡಲು ನಿಯಮಾವಳಿಯಲ್ಲಿ ಅವಕಾಶವಿದೆ. ಆದರೂ ಕರೆ ಮುಗಿಸುವ ಮುನ್ನ ಆ ತಾಯಿಯೊಡನೆಯೂ ವೈದ್ಯರು ನಾಲ್ಕು ಮಾತನಾಡತಕ್ಕದ್ದು.